ಕ್ಯಾಂಟೀನಿನ ಎಂಜಲು ತೂಗಿದ್ದು

ತೊಂಬತ್ತರ ದಶಕದ ಕೊನೆಯಲ್ಲಿ ಹರಿಹರದ ಕಾರ್ಖಾನೆಯೊಂದರ ಕ್ಯಾಂಟೀನ್ ನೋಡಿಕೊಳ್ಳುವುದು ನನ್ನ ಕೆಲಸ. ದಾವಣಗೆರೆಯ ಸರಸ್ವತಿ ನಗರದಿಂದ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಿದ್ದೆ. ಆ ವರ್ಷ ಹೊಸ ಯಂತ್ರ ಜೋಡಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಒಂದು ಮಧ್ಯಾಹ್ನ ಊಟ ಮುಗಿಸಿ ಅವರು ಎಂಜಲಿನ ಡ್ರಮ್ಮಿನ ಮುಂದೆ ನಿಂತುಬಿಟ್ಟರು. ಅದರ ತುಂಬ ಅನ್ನ, ಸಾರು, ಅರ್ಧ ಕಚ್ಚಿದ ಚಪಾತಿ.

“ಇದನ್ನು ದಿನಾ ಯಾರು ತೂಗುತ್ತಾರೆ?” ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದರು.

ತೂಗುವುದೇ? ನನಗೆ ನಗು ಬಂತು. ಅವರು ನಗಲಿಲ್ಲ. ತಮ್ಮ ಕಾರ್ಖಾನೆಯಲ್ಲಿ ಉಳಿದದ್ದನ್ನು ತೂಗಿ, ಮರುದಿನದ ಅಡಿಗೆಯನ್ನು ಅದರಂತೆ ಇಳಿಸುತ್ತಾರೆ, ತರಕಾರಿ ಸಿಪ್ಪೆಯನ್ನು ಬೇರೆ ಮಾಡಿ ಹೊಲದ ಗೊಬ್ಬರಕ್ಕೆ ಕಳಿಸುತ್ತಾರೆ ಎಂದರು.

ಅಂದಿನಿಂದ ನನ್ನ ನೆಮ್ಮದಿ ಕೆಟ್ಟಿತು. ನೆಂಟರ ಮದುವೆಯಲ್ಲಿ ಹೋಳಿಗೆ ರುಚಿಸಲಿಲ್ಲ, ಕಣ್ಣೆಲ್ಲ ಪಕ್ಕದವರ ಎಲೆಯ ಮೇಲೆ. “ಮಂದಿ ಎಲೆ ಯಾಕ ನೋಡ್ತೀರಿ, ನಾಚ್ಕೆ ಆಗ್ತೈತೆ,” ಎಂದು ಹೆಂಡತಿ ಮೊಣಕೈಯಿಂದ ತಿವಿದಳು.

ಕೊನೆಗೆ ಸ್ಟೋರಿನ ತಕ್ಕಡಿ ತರಿಸಿ ಡ್ರಮ್ಮು ತೂಗಲು ಶುರುಮಾಡಿದೆ. ಹಿರಿಯ ಅಡಿಗೆಯವರು ಸೌಟು ಕೆಳಗಿಟ್ಟರು. “ನನ್ನ ಕೈ ಮೇಲೆ ಗುಮಾನಿ ಐತೇನ್ರಿ?” ಇಲ್ಲವೆಂದು ಅವರನ್ನೇ ತಕ್ಕಡಿಯ ಬಳಿ ನಿಲ್ಲಿಸಿದೆ. ಮೂರನೇ ದಿನ ಅವರೇ ಹೇಳಿದರು, ಮೊದಲೇ ಗುಡ್ಡೆ ಅನ್ನ ಬಡಿಸೋದೇ ತಪ್ಪು ಅಂತ. ಸೌಟು ಸಣ್ಣದಾಯಿತು, ಎಷ್ಟು ಸಲ ಕೇಳಿದರೂ ಬಡಿಸುವುದೆಂದಾಯಿತು. ಕೊಕ್ಕನೂರಿನಿಂದ ಹಾಲು ತರುತ್ತಿದ್ದ ರೈತರು ಸಿಪ್ಪೆಯನ್ನು ತಮ್ಮ ಗೊಬ್ಬರದ ಗುಂಡಿಗೆ ಒಯ್ಯತೊಡಗಿದರು. ಡ್ರಮ್ಮು ಅರ್ಧಕ್ಕಿಳಿಯಿತು.

ಅದನ್ನು ಕಂಡ ಮ್ಯಾನೇಜರು ನನ್ನನ್ನು ಕೇಳದೆ ಅಕ್ಕಿಯನ್ನೇ ಕಡಿತ ಮಾಡಿದರು, ಅದೂ ಅಗತ್ಯಕ್ಕಿಂತ ಹೆಚ್ಚು. ಕೊನೆಯ ಪಾಳಿಯವರು ಖಾಲಿ ತಟ್ಟೆ ಹಿಡಿದು ನಿಂತರು. “ತೂಗಿ ತೂಗಿ ನಮ್ಮ ಹೊಟ್ಟೆ ಮ್ಯಾಲೇ ಹೊಡೆದ್ರಲ್ರಿ,” ಎಂದ ಒಬ್ಬ ಕಾರ್ಮಿಕ.

ನೇರ ಮ್ಯಾನೇಜರ ಕೋಣೆಗೆ ಹೋದೆ. “ಚೆಲ್ಲೋದು ಕಮ್ಮಿ ಆಗ್ಲಿ ಅಂತ ತೂಗಿದ್ದು ಸರ್, ತಿನ್ನೋದು ಕಮ್ಮಿ ಆಗ್ಲಿ ಅಂತಲ್ಲ.” ಅವರು ಫೈಲಿನಿಂದ ತಲೆ ಎತ್ತಲಿಲ್ಲ. “ನಾಳೆ ಕೊನೇ ಪಾಳಿಗೆ ಊಟಕ್ಕೆ ಬರ್ರಿ,” ಎಂದೆ. ಬಂದರು. ತಟ್ಟೆ ಹಿಡಿದು ನಿಂತರು. ಅನ್ನ ಮುಗಿದಿತ್ತು.

ವಾರದೊಳಗೆ ಅಕ್ಕಿ ಮೊದಲಿನಷ್ಟಾಯಿತು. ನಾನು ತೂಗುವುದನ್ನು ಬಿಡಲಿಲ್ಲ. ಆದರೆ ತಕ್ಕಡಿಯ ಮುಳ್ಳು ನೋಡುವಾಗ ದಿನವೂ ಅಳುಕು. ಭಾರ ಹೆಚ್ಚಿದ್ದರೆ ಇಷ್ಟು ಚೆಲ್ಲಿದೆವಲ್ಲ ಎಂದು, ಕಡಿಮೆಯಿದ್ದರೆ ಯಾರಿಗೋ ಸಾಲಲಿಲ್ಲವೇನೋ ಎಂದು.