ಒಪ್ಪಿಗೆ ಕೇಳುವುದನ್ನು ಕಲಿಸುವ ಊರಿನಲ್ಲಿ

ಮಣಿಪಾಲದ ಮೊದಲ ಬೆಳಿಗ್ಗೆ ಬೀದಿಯಲ್ಲಿ ಪೋಂ ಪೋಂ ಸದ್ದಾಯಿತು. ಹಾಲಿನವನೆಂದು ಪಾತ್ರೆ ಹಿಡಿದು ಓಡಿದೆ. ಸೈಕಲ್ಲಿನವನು ಬುಟ್ಟಿ ತೆರೆದ. ಸಾಲು ಸಾಲು ಕಣ್ಣುಗಳು ನನ್ನನ್ನೇ ನೋಡಿದವು.

"ಬಂಗುಡೆ ಉಂಟು, ಬೂತಾಯಿ ಉಂಟು. ಯಾವುದು ಹಾಕ್ಲಿ ಅಮ್ಮ?"

ಧಾರವಾಡದಲ್ಲಿ ಮೀನನ್ನು ಕೆರೆಯಲ್ಲಷ್ಟೇ ಕಂಡವಳು ನಾನು. ಮನೆ ಮಾಲಕಿ ಗಿರಿಜಕ್ಕ ಜಗಲಿಯಲ್ಲಿ ಬಿದ್ದು ಬಿದ್ದು ನಕ್ಕರು.

ಬಂದದ್ದು ಎರಡೇ ವರ್ಷಕ್ಕೆ. ನನ್ನವರು ಡಾಕ್ಟರು. ಧಾರವಾಡದಲ್ಲಿ ಅಪ್ಪ ನನಗೆಂದು ಕೊಟ್ಟ ಮನೆಯ ಮುಂದಿನ ಕೋಣೆಯೇ ಅವರ ದವಾಖಾನೆ. ಅದಕ್ಕೆ ಬೀಗ ಹಾಕಿ ಕ್ಲಿನಿಕಲ್ ರಿಸರ್ಚ್, ಅಂದರೆ ಹೊಸ ಔಷಧಗಳನ್ನು ಜನರಿಗೆ ಕೊಟ್ಟು ಪರೀಕ್ಷಿಸುವ ಕ್ರಮ, ಕಲಿಯಲು ಬಂದಿದ್ದರು. ಮುಗಿಸಿ ಹಿಂದಿರುಗುವುದೆಂದು ಮಾತಾಗಿತ್ತು.

ಆ ವಿದ್ಯೆಯಲ್ಲಿ ರೋಗಿಯ ಸಹಿ ಒಂದೇ ಸಾಲದು, ತಿಳಿದು ಒಪ್ಪಬೇಕು. ಸಂಜೆ ನನ್ನನ್ನೇ ರೋಗಿಯಾಗಿ ಕೂರಿಸಿ ಅಭ್ಯಾಸ ಮಾಡುತ್ತಿದ್ದರು. "ಸೇರೂದು ಬಿಡೂದು ನಿಮ್ಮಿಷ್ಟರಿ. ನಡುವ ಬ್ಯಾಡ ಅನ್ನಿಸಿದ್ರ ಬಿಟ್ಟು ಹೋಗ್ರಿ." ಕಾನ್ವೆಂಟಿನಲ್ಲಿ ಕೇಳದೆ ಯಾರ ಪೆನ್ಸಿಲ್ಲನ್ನೂ ಮುಟ್ಟದ ನನಗೆ ಗಂಡನ ಓದು ಹೆಮ್ಮೆಯೆನಿಸುತ್ತಿತ್ತು.

ಎರಡನೆಯ ವರ್ಷದ ಕೊನೆಗೆ ಟ್ರಂಕು ಒರೆಸುತ್ತಿದ್ದಾಗ ಗಿರಿಜಕ್ಕ ಬಂದರು.

"ಟ್ರಂಕು ಎಂತಕ್ಕೆ? ಡಾಕ್ಟ್ರಿಗೆ ಇಲ್ಲಿಯೇ ಕೆಲಸ ಆಯ್ತಲ್ಲ! ಧಾರವಾಡದ ಮನೆಗೆ ಬಾಡಿಗೆಯವರೂ ಬಂದಾಯ್ತಂತೆ." ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ನಿಮಗೆ ಗೊತ್ತುಂಟಲ್ವಾ?"

"ಗೊತ್ತುಂಟು," ಎಂದೆ.

ಸಂಜೆ ನನ್ನವರನ್ನು ಕೇಳಿದೆ. "ನನಗ್ಯಾಕ ಹೇಳಲಿಲ್ಲ?"

ಶೂ ಬಿಚ್ಚುತ್ತಲೇ ಉತ್ತರ ಬಂತು. "ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ರೋಗಿಗೂ ಹಿಂಗ ಮಾಡ್ತೀರೇನು?"

"ಹುಚ್ಚಿ, ನೀ ರೋಗಿಯೇನು? ಹೆಂಡತಿ." ನಕ್ಕು ಚಹಾ ಕೇಳಿದರು. ಮಾಡಿಕೊಟ್ಟೆ. ಸಕ್ಕರೆ ಹಾಕಿದ್ದು ನೆನಪಿಲ್ಲ. ಅವರು ಕುಡಿದು ಲೋಟ ಕೆಳಗಿಟ್ಟರು.

ಉಳಿದ ಸಾಮಾನು ತರಲು ಧಾರವಾಡಕ್ಕೆ ಒಬ್ಬಳೇ ಹೋದೆ. ದವಾಖಾನೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಬಾಡಿಗೆಯ ಹೆಂಗಸು ಒಳ್ಳೆಯವಳು. "ಮುತ್ತೈದಿನ್ನ ಹಂಗ ಕಳಸಬಾರದ್ರಿ ಅಕ್ಕಾರ," ಎಂದು, ನನ್ನದೇ ಮನೆಯ ಹೊಸ್ತಿಲ ಒಳಗೆ ನನ್ನನ್ನು ನಿಲ್ಲಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬಿದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಹಾಗೆ.

ಉಡಿಯ ಅಕ್ಕಿಯನ್ನು ತಮ್ಮ ಮನೆ ಸೇರಿದ ಮೇಲೆ ಬೇಯಿಸಿ ಉಣ್ಣುವುದು ನಮ್ಮ ಕಡೆಯ ರೂಢಿ. ಅದಿನ್ನೂ ಮಣಿಪಾಲದ ಅಡುಗೆಮನೆಯಲ್ಲಿ, ಡಬ್ಬಿಯಲ್ಲೇ ಇದೆ.

"ಮಳೆಗಾಲ ಮಾರಾಯ್ರೆ, ಹುಳ ಆಗ್ತದೆ. ಒಂದೋ ಬೇಯಿಸಿ, ಇಲ್ಲ ಕೋಳಿಗೆ ಹಾಕಿ," ಎನ್ನುತ್ತಾರೆ ಗಿರಿಜಕ್ಕ.

ಎರಡೂ ನನ್ನಿಂದ ಆಗಿಲ್ಲ.