ಖಾಲಿ ಫೋಟೋದಲ್ಲಿ ಬಂದ ಕಲೆ

ಮೊನ್ನೆ ಕೆಮ್ಮು ಬಿಡಲೇ ಇಲ್ಲವೆಂದು ನನ್ನ ಅಣ್ಣನ ಮಗ ಬಸವರಾಜ ನನ್ನನ್ನು ಮುಧೋಳದ ಒಂದು ಹೊಸ ಸ್ಕ್ಯಾನ್ ಸೆಂಟರಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಎಲ್ಲವೂ ತಣ್ಣಗಿತ್ತು. ಗೋಡೆ ತಣ್ಣಗೆ, ಕುರ್ಚಿ ತಣ್ಣಗೆ, ಹೆಸರು ಕೂಗುವ ಹುಡುಗಿಯ ದನಿಯೂ ತಣ್ಣಗೆ. ನಿವೃತ್ತ ಶಿಕ್ಷಕಿಯಾದವಳಿಗೆ ಸುಮ್ಮನೆ ಕುಳಿತುಕೊಳ್ಳಲು ಬರುವುದಿಲ್ಲ. ಗೋಡೆಯ ಮೇಲೆ ಬರೆದದ್ದನ್ನೆಲ್ಲ ಓದಬೇಕು, ಕಾಗುಣಿತ ತಪ್ಪಿದ್ದರೆ ಮನಸ್ಸಿನಲ್ಲೇ ಕೆಂಪು ಗೆರೆ ಎಳೆಯಬೇಕು. ಹಾಗೆ ಓದುತ್ತ ಹೋಗಿ, ಗಾಜು ಹಾಕಿಸಿದ್ದ ಒಂದು ಪ್ರಮಾಣಪತ್ರದ ಮುಂದೆ ನಿಂತೆ. ಇಲ್ಲಿಯ ಯಂತ್ರಗಳನ್ನೂ ಕೆಲಸದ ರೀತಿಯನ್ನೂ ಹೊರಗಿನವರು ಬಂದು ಪರೀಕ್ಷಿಸಿದ್ದಾರೆ, ಗುಣಮಟ್ಟ ಸರಿಯಿದೆ, ರೋಗಿಗಳಿಗೆ ಅಪಾಯವಿಲ್ಲ ಎಂದು ಮಾನ್ಯತೆ ಕೊಟ್ಟಿದ್ದಾರೆ ಎಂಬುದು ಅದರ ಸಾರಾಂಶ.

"ಇದನ್ನ ಎಲ್ಲಾರೂ ಮಾಡಸಾಕ ಬೇಕೇನವ್ವಾ?" ಎಂದು ಆ ಹುಡುಗಿಯನ್ನು ಕೇಳಿದೆ.

"ಇಲ್ರಿ ಅಮ್ಮಾರ, ಕಡ್ಡಾಯ ಏನಿಲ್ಲ. ನಮ್ಮ ಸರ್ ತಾವಾಗಿ ಅರ್ಜಿ ಹಾಕಿ ಮಾಡಿಸ್ಯಾರ."

ಕುರ್ಚಿಗೆ ಮರಳಿ ಬಂದು ಕುಳಿತೆ. ಆದರೆ ಮನಸ್ಸು ಆಗಲೇ ಜಮಖಂಡಿಯ ಬಸ್ಸು ಹತ್ತಿಬಿಟ್ಟಿತ್ತು. ನನ್ನ ಸರದಿ ಬರಲು ಇನ್ನೂ ಹೊತ್ತಿದೆ. ಬೇಸರವಿಲ್ಲದಿದ್ದರೆ ನೀವೂ ಜೊತೆಗೆ ಬನ್ನಿ.

ನಾವು ರಬಕವಿಯ ನೇಕಾರರು. ನಡುಮನೆಯಲ್ಲೇ ನೆಲ ತೋಡಿ ಕೂರಿಸಿದ ಎರಡು ಕುಣಿಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಣ್ಣ. ನಾನು ಮೂಲೆಯಲ್ಲಿ ರಾಟೆಯ ಮುಂದೆ ಕುಳಿತು ಲಾಳಿಗೆ ಬೇಕಾದ ನೂಲು ಸುತ್ತಿಕೊಡುತ್ತಿದ್ದೆ. ಮಗ್ಗದ ಸದ್ದಿನಲ್ಲೇ ಓದಿ ಮೆಟ್ರಿಕ್ ಪಾಸಾದವಳು ನಾನು. ಸದ್ದು ನಿಂತರೆ ನನಗೆ ಓದು ಹತ್ತುತ್ತಿರಲಿಲ್ಲ ಎಂದರೆ ನೀವು ನಗಬಹುದು. ಶಿಕ್ಷಕರ ತರಬೇತಿಗೆ ಜಮಖಂಡಿಯಲ್ಲಿ ಸೀಟು ಸಿಕ್ಕಿತು. ಓಣಿಗೆಲ್ಲ ಅವ್ವ ಸಕ್ಕರೆ ಹಂಚಿದಳು. ಸೇರುವ ಮುಂಚೆ ಆರೋಗ್ಯ ಸರಿಯಿದೆ ಎಂದು ಡಾಕ್ಟರರಿಂದ ಬರೆಸಿಕೊಂಡು ಹೋಗಬೇಕಿತ್ತು, ಅಷ್ಟೇ.

ಆ ಕಾಲದಲ್ಲಿ ನಮ್ಮ ಕಡೆ ಎಕ್ಸ್‌ರೇ ಎನ್ನುವ ಮಾತು ಯಾರ ಬಾಯಿಗೂ ಒಗ್ಗುತ್ತಿರಲಿಲ್ಲ. ಕೈ ಮುರಿದರೆ ಕೈ ಫೋಟೋ, ಕೆಮ್ಮಿದರೆ ಎದಿ ಫೋಟೋ. ಜಮಖಂಡಿಯ ವಿನಾಯಕರಾಯರು ಹಾಗಾಗಿ 'ಫೋಟೋ ಡಾಕ್ಟರ್'. ಎತ್ತರದ, ಸ್ವಲ್ಪ ಬಾಗಿದ ಆಳು. ಮನೆಯವರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಫಿಲ್ಮನ್ನು ಬೆಳಕಿಗೆ ಹಿಡಿದಾಗ ತಮ್ಮೊಂದಿಗೆ ತಾವೇ ಇಂಗ್ಲಿಷ್. ನನ್ನ ಕೆಮ್ಮು ಕೇಳಿ, "ಒಂದು ಫೋಟೋ ತಗದs ಬರದುಕೊಡ್ತೀನಿ ತಂಗಿ" ಎಂದರು. ಫೋಟೋ ಎಂದರೆ ಫೋಟೋ ಎಂದುಕೊಂಡಿದ್ದ ಅವ್ವ ಮರುದಿನ ನನ್ನ ತಲೆ ಬಾಚಿ ಮಲ್ಲಿಗೆ ಮುಡಿಸಿ ಕರೆತಂದಿದ್ದಳು. ನಾನೂ ಕಡಿಮೆಯವಳಲ್ಲ. ಆ ತಣ್ಣನೆಯ ತಗಡಿಗೆ ಎದೆಯೊತ್ತಿ ನಿಂತು, "ನಗಬೇಕೇನ್ರಿ?" ಎಂದು ಕೇಳಿದ್ದೆ.

ನಗುವ ಪ್ರಸಂಗ ಅಲ್ಲಿಗೇ ಮುಗಿಯಿತು. ಫಿಲ್ಮಿನಲ್ಲಿ ನನ್ನ ಬಲ ಎದೆಯ ಮೇಲುಭಾಗದಲ್ಲಿ ಒಂದು ಮಸುಕು ಬಿಳಿ ಕಲೆ, ಹತ್ತಿಯ ಎಳೆ ಅಂಟಿಕೊಂಡ ಹಾಗೆ. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೆ ಫೋಟೋ ಹೇಳುತ್ತಿತ್ತಲ್ಲ! ಟಿ.ಬಿ. ಎಂದಾಯಿತು. ಆ ವರ್ಷದ ಸೀಟು ಹೋಯಿತು. ರಬಕವಿಯ ಕಂಪೌಂಡರ ಹತ್ತಿರ ದಿನವೂ ಸೂಜಿ, ಮೇಲೆ ಮುಷ್ಟಿ ತುಂಬ ಗುಳಿಗೆ.

ಮನೆಯವರು ಕೆಟ್ಟವರಲ್ಲ, ಹೆದರಿದವರು. ನನ್ನ ಹಾಸಿಗೆ ನೂಲಿನ ಮೂಟೆ ಇಡುವ ಹಿಂದಿನ ಕೋಣೆಗೆ ಹೋಯಿತು. ನನ್ನ ತಾಟು, ನನ್ನ ಲೋಟ ಬೇರೆಯಾಗಿ ಕಿಟಕಿಗೆ ಬಂದವು. ನಾನು ಸುತ್ತಿದ ನೂಲಿನ ಸೀರೆಯನ್ನು ಯಾರು ಉಡುತ್ತಾರೆಂದು ರಾಟೆಯನ್ನೂ ಬಿಡಿಸಿದರು. ಇದನ್ನೆಲ್ಲ ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಒಂದೇ: ಅಣ್ಣನ ಕೂಸು ಆಗ ಅಂಬೆಗಾಲಿಡುತ್ತಿತ್ತು. ನನ್ನ ದನಿ ಕೇಳಿದರೆ ಸಾಕು, ಹಿಂದಿನ ಕೋಣೆಯ ಹೊಸ್ತಿಲಿಗೆ ಬರುತ್ತಿತ್ತು. ಕೂಸಿನ ತಾಯಿ, ನನ್ನ ವೈನಿ, ಓಡಿಬಂದು ಎತ್ತಿಕೊಂಡು, ನನ್ನ ಮುಖ ನೋಡದೆ ಹೋಗುತ್ತಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಗೊತ್ತಿದ್ದೂ ಆ ಹೊಸ್ತಿಲು ನೋಡಿ ಅಳುತ್ತಿದ್ದೆ. ಕೂಸು ಬರದಿರಲೆಂದು ಮಾತಾಡುವುದನ್ನೇ ಬಿಟ್ಟೆ. ಈಗ ಮುಧೋಳಕ್ಕೆ ಕಾರು ನಡೆಸಿಕೊಂಡು ಬಂದು, "ಅತ್ತಿ, ನೀರು ಕುಡೀತಿಯೇನ?" ಎಂದು ಗಳಿಗೆಗೊಮ್ಮೆ ಕೇಳುವ ಬಸವರಾಜನೇ ಆ ಕೂಸು.

ಕೆಲವು ತಿಂಗಳು ಕಳೆದಾಗ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಸೂಜಿಯ ಔಷಧ ಕೆಲವರಿಗೆ ಹಾಗೆ ಮಾಡುತ್ತದಂತೆ, ಬಹಳ ದಿನ ನಡೆದರೆ ಕಿವಿಯೇ ಕೇಳದಂತಾಗುತ್ತದಂತೆ. ಇದು ನನಗೆ ತಿಳಿದದ್ದು ಆಮೇಲೆ. ಆಗ ಮಗ್ಗದ ಸದ್ದೇ ತಲೆಯೊಳಗೆ ಹೊಕ್ಕಿದೆ ಎಂದುಕೊಂಡಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ವಿನಾಯಕರಾಯರು ನಮ್ಮ ಬಾಗಿಲಿಗೆ ಬಂದು ನಿಂತರು. ಜಮಖಂಡಿಯ ಡಾಕ್ಟರ್ ಕರೆಯದೆ ರಬಕವಿಗೆ ಬರುವುದೆಂದರೆ! ಅಪ್ಪ ಮಗ್ಗದ ಕುಣಿಯಿಂದ ಏಳುವಷ್ಟರಲ್ಲಿ ಅವ್ವ ಅಳಲು ಸುರುಮಾಡಿದ್ದಳು. ನನ್ನ ದಿನ ಮುಗಿದವು, ಅದನ್ನು ಹೇಳಲು ಬಂದಿದ್ದಾರೆ ಎಂದೇ ಅವಳು ತಿಳಿದಿದ್ದಳು.

"ತಂಗಿ ಫೋಟೋ ತಗೊಂಡು ಬರ್ರಿ" ಎಂದರು ಡಾಕ್ಟರು. ಅವರ ಕೈಯಲ್ಲೂ ಒಂದು ಫಿಲ್ಮ್ ಇತ್ತು. ಬಾಗಿಲ ಬೆಳಕಿಗೆ ಎರಡನ್ನೂ ಒಂದರ ಮೇಲೊಂದು ಇಟ್ಟು ಹಿಡಿದರು. "ಶಿವಪ್ಪಾರ, ಇಲ್ಲಿ ಬಂದು ನೋಡ್ರಿ. ಇದು ನಿಮ್ಮ ಮಗಳ ಎದಿ. ಇದು ಗಲಗಲಿಯ ಒಬ್ಬ ಒಕ್ಕಲಿಗರ ಎದಿ. ಎಲುಬು ಬ್ಯಾರೆ, ಅಳತಿ ಬ್ಯಾರೆ. ಆದರ ಈ ಬಿಳಿ ಕಲಿ ನೋಡ್ರಿ."

ಎರಡು ಎದೆಗಳು ಒಂದರೊಳಗೊಂದು ಕಲಸಿಹೋಗಿದ್ದವು. ಕಲೆ ಮಾತ್ರ ಒಂದೇ ಇತ್ತು. ಒಂದೇ ಜಾಗ, ಒಂದೇ ಆಕಾರ.

ಆಮೇಲೆ ಅವರು ನಡೆದದ್ದನ್ನು ಹೇಳಿದರು. ಜೊತೆಗೆ ಓದಿದ ಗೆಳೆಯರೊಬ್ಬರು ಪುಣೆಯಲ್ಲಿ ಇಂಥ ಯಂತ್ರಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದರಂತೆ. "ನನ್ನ ಮಷೀನ್ ಒಮ್ಮೆ ನೋಡು, ತಪ್ಪು ಇದ್ದರ ಹುಡುಕಿ ಕೊಡು" ಎಂದು ಅವರನ್ನು ಇವರೇ ಕರೆಸಿಕೊಂಡರಂತೆ. ಬಂದವರು ಮೊದಲ ದಿನವೇ ಬಾಗಿಲಿಗೆ ಸೀಸದ ತಗಡು ಹೊಡೆಸಿ, ರೋಗಿಗಳು ಕೂಡುವ ಬೆಂಚನ್ನು ಅಲ್ಲಿಂದ ಎತ್ತಿಸಿದರಂತೆ. ಕಿರಣ ಅಲ್ಲಿಯವರೆಗೂ ಸೋರುತ್ತಿತ್ತು. ಮರುದಿನ ಫಿಲ್ಮ್ ಇಡುವ ಪೆಟ್ಟಿಗೆಗಳ ಪರೀಕ್ಷೆ. ಆ ಪೆಟ್ಟಿಗೆಯ ಒಳಮೈಗೆ ಒಂದು ಬಿಳಿ ಹಾಳೆ ಇರುತ್ತದೆ. ಕಿರಣ ಬಿದ್ದಾಗ ಅದು ಹೊಳೆದು ಫಿಲ್ಮಿನ ಮೇಲೆ ಚಿತ್ರ ಮೂಡಿಸುತ್ತದೆ.

"ಮಷೀನ್ ಮುಂದ ಯಾರನ್ನೂ ನಿಲ್ಲಿಸದ ಖಾಲಿ ಫೋಟೋ ತಗದ್ವಿ" ಎಂದರು ಡಾಕ್ಟರು. "ಪೂರಾ ಕರ್ರಗ ಬರಬೇಕಾಗಿತ್ತು. ಒಂದು ಪೆಟಿಗಿಯೊಳಗಿಂದು ಮಾತ್ರ ಹಂಗ ಬರಲಿಲ್ಲ, ಇದs ಬಿಳಿ ಕಲಿ ಬಂತು. ಫಿಲ್ಮ್ ತೊಳಿಯೋ ಔಷಧದ ಹನಿ ಯಾವಾಗೋ ಸಿಡಿದು, ಹಾಳಿಮ್ಯಾಲ ಒಣಗಿ ಕೂತದ. ಅಲ್ಲಿ ಬೆಳಕs ಬೀಳೂದಿಲ್ಲ. ಮನಷ್ಯಾನs ಇಲ್ಲ ಶಿವಪ್ಪಾರ, ರೋಗ ಅದ!"

ಅಪ್ಪ ಎರಡೂ ಫಿಲ್ಮುಗಳನ್ನು ತಾನೇ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕೇಳಿದ: "ಹಂಗಾದ್ರ ಇಷ್ಟು ದಿನ ಈ ಹುಡುಗಿ ಸೂಜಿ ಚುಚ್ಚಿಸಿಕೊಂಡದ್ದು? ಆಕಿ ಸೀಟು ಹೋದದ್ದು?"

"ನನ್ನ ತಪ್ಪು. ಪೆಟಿಗಿ ತಗದು ನೋಡಬೇಕಾಗಿತ್ತು, ನೋಡಲಿಲ್ಲ."

"ಯಾರರೆ ತಕರಾರು ಮಾಡಿದ್ರೇನ್ರಿ?"

"ಇಲ್ಲ."

"ಸರಕಾರದವರು ಬಂದಿದ್ರೇನು?"

"ಅವರೂ ಇಲ್ಲ. ಇಷ್ಟು ದೊಡ್ಡ ಊರಾಗ ನಿನ್ನ ಫೋಟೋ ತಪ್ಪು ಅದ ಅಂತ ನನಗ ಹೇಳೋರು ಯಾರೂ ಇಲ್ರಿ. ಹೇಳೋರಿಲ್ಲ ಅಂದಮ್ಯಾಲ ನಾನs ಕೇಳ್ಕೋಬೇಕಲ್ಲ?"

ಅಪ್ಪ ಹೋಗಿ ಮಗ್ಗದಲ್ಲಿ ಕುಳಿತ. ನೇಯಲಿಲ್ಲ. ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತ. ಅವನಿಗೆ ಸಿಟ್ಟು ಬಂದಿತ್ತೋ, ಅಳು ಬಂದಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಎರಡೂ ಇದ್ದಿರಬೇಕು. ಅವ್ವ ಕಣ್ಣೊರೆಸಿಕೊಂಡು ಚಹಾಕ್ಕಿಟ್ಟಳು. ಬಂದವರಿಗೆ ಚಹಾ ಕೊಡದೆ ಕಳಿಸುವುದು, ಅವರು ಎಂಥ ಸುದ್ದಿಯನ್ನೇ ತಂದಿರಲಿ, ನಮ್ಮ ಮನೆಯಲ್ಲಿ ಇರಲಿಲ್ಲ.

ಚಹಾ ಸೋಸುವಾಗ ಡಾಕ್ಟರು ಕಿಟಕಿಯ ಕಡೆ ನೋಡಿ, "ಆ ಲೋಟ ಯಾರದು?" ಎಂದರು.

ಅವ್ವ ತಡವರಿಸಿದಳು. "ಅದು... ಅಕೀದ್ರಿ."

"ನನಗ ಅದರಾಗ ಕೊಡ್ರಿ."

"ಛೇ, ಅದರಾಗ ಹೆಂಗ ಕೊಡ್ಲಿರಿ ಸಾಹೇಬ್ರ!"

"ಕೊಡ್ರಿ. ನಾಳೆ ಬರ್ರಿ, ಇನ್ನೊಂದು ಫೋಟೋ ತಗದು ಪಕ್ಕಾ ಮಾಡ್ಕೊಳ್ಳೋಣ. ಆದರ ಚಹಾ ಅದರಾಗs ಕೊಡ್ರಿ."

ಮನೆಯವರೆಲ್ಲ ನೋಡುತ್ತಿದ್ದ ಹಾಗೆ ಅವರು ನನ್ನ ಲೋಟದಲ್ಲಿ ಚಹಾ ಕುಡಿದರು. ನಿಧಾನವಾಗಿ, ಊದಿ ಊದಿ, ರುಚಿ ನೋಡುತ್ತ. ವೈನಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವರು ಹೊರಟುಹೋದ ಮೇಲೆ ಬಂದು ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ನಾಳೆಯ ಫೋಟೋದವರೆಗೆ ಕಾಯಲಿಲ್ಲ.

ಕಾಯುತ್ತಿದ್ದವಳು ನಾನು. ಮರುದಿನ ತೇರದಾಳದಿಂದ ಬರುವ ಬಸ್ಸಿನಲ್ಲಿ ಜಮಖಂಡಿಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ: ಪೆಟ್ಟಿಗೆಯ ಕಲೆ ಪೆಟ್ಟಿಗೆಯದು, ಸರಿ, ಅದರ ಕೆಳಗೆ ನನ್ನದೂ ಒಂದು ಇದ್ದರೆ? ಈ ಸಲ ಅವ್ವ ಹೂ ಮುಡಿಸಲಿಲ್ಲ. ಡಾಕ್ಟರ ಹೊರಕೋಣೆಯಲ್ಲಿ ಗಲಗಲಿಯ ಆ ಒಕ್ಕಲಿಗರೂ ಕುಳಿತಿದ್ದರು. ಮಲ್ಲಪ್ಪ ಎಂದು ಹೆಸರು. ತಲೆಗೆ ದೊಡ್ಡ ಪಟಗ, ದೊಡ್ಡ ಮೀಸೆ, ಸಣ್ಣ ದನಿ. ಒಂದೇ ಕಲೆಯನ್ನು ಹಂಚಿಕೊಂಡವರು ನಾವು, ನೋಡಿದ ಕೂಡಲೇ ನೆಂಟರಾದೆವು.

ಫಿಲ್ಮುಗಳು ಇನ್ನೂ ಹಸಿಯಾಗಿರುವಾಗಲೇ ಡಾಕ್ಟರು ಹೊರಗೆ ತಂದರು. ನನ್ನದರಿಂದ ನೀರು ತೊಟ್ಟಿಕ್ಕುತ್ತಿತ್ತು. ಎದೆಯ ಎರಡೂ ಬದಿ ಕಪ್ಪಗೆ, ಸ್ವಚ್ಛವಾಗಿ ಇತ್ತು. ನನ್ನ ಕೆಮ್ಮು ನೂಲಿನ ಧೂಳಿನದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಬೇಕು ಎಂದರು. ಅವ್ವ ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು.

ಮಲ್ಲಪ್ಪನವರದನ್ನು ಬಹಳ ಹೊತ್ತು ನೋಡಿದರು. ಮೇಲಿನ ಕಲೆ ಹೋಗಿತ್ತು. ಆದರೆ ಎಡಗಡೆ, ಹಿಂದಿನ ಫೋಟೋದಲ್ಲಿ ಅಷ್ಟಾಗಿ ಗಮನಿಸದಿದ್ದ ಜಾಗದಲ್ಲಿ, ಬೇರೆ ಏನೋ ಇತ್ತು. "ಮಲ್ಲಪ್ಪಾರ, ನಿಮ್ಮ ರೋಗ ಖರೇನs ಅದ. ಔಷಧ ಬಿಡೂಹಂಗಿಲ್ಲ" ಎಂದರು. ಹೇಳುವಾಗ ಅವರ ದನಿ ಇಳಿದಿತ್ತು. ನಿನ್ನೆಯಷ್ಟೇ ತಪ್ಪಾಯಿತು ಎಂದವರು ಇಂದು ಇದು ಸರಿ ಎಂದರೆ ಯಾರು ನಂಬಬೇಕು?

ಮಲ್ಲಪ್ಪ ಪಟಗ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಸುಳ್ಳು ರೋಗ ಹೋತು, ಖರೆ ರೋಗ ಉಳೀತು. ಇರ್ಲಿ ಬಿಡವ್ವಾ. ತಪ್ಪು ನಂದು ಅಂತ ಮನಿತನಕಾ ಬಂದು ಹೇಳಿದ ಮನಷ್ಯಾ, ಈಗ ರೋಗ ನಿಂದು ಅಂದ್ರ ನಂಬಾಕs ಬೇಕು."

ನಂಬಿದರು. ಔಷಧ ಒಂದು ದಿನವೂ ಬಿಡದೆ ಮುಗಿಸಿ ಗುಣವಾದರು. ಮುಂದಿನ ವರ್ಷ ನಾನು ತರಬೇತಿಗೆ ಸೇರಿದ ಮೇಲೆ, ಸಂತೆಗೆ ಬಂದಾಗ ಹೊಳೆದಂಡೆಯ ಬದನೆಕಾಯಿಯನ್ನು ನನ್ನ ಕೋಣೆಗೆ ತಂದು ಕೊಡುತ್ತಿದ್ದರು, ಒಬ್ಬಳು ತಿನ್ನಲಾರದಷ್ಟು.

ಊರಿನವರೆಲ್ಲ ಮಲ್ಲಪ್ಪನಂತಿರಲಿಲ್ಲ. ಬಹಳ ದಿನ ಜನ ವಿನಾಯಕರಾಯರನ್ನು ಬಿಟ್ಟು ಮೀರಜಕ್ಕೋ ಬಾಗಲಕೋಟೆಗೋ ಹೋಗಿ ಫೋಟೋ ತೆಗೆಸಿದರು. ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ಬದಲಿಸಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದು ಅವರಿಗೆ ಬೇಕಾದವರೇ ಬೈದರಂತೆ. ಅವರು ಮಾತ್ರ ಪ್ರತಿ ವರ್ಷ ಪುಣೆಯ ಗೆಳೆಯರನ್ನು ಕರೆಸಿದರು. ಒಮ್ಮೆ ಅಂಥ ದಿನವೇ ನಾನು ಅಲ್ಲಿಗೆ ಹೋಗಿದ್ದೆ. ಬಾಗಿಲು ಮುಚ್ಚಿತ್ತು, ಬಂದವರು ಗೊಣಗುತ್ತಿದ್ದರು. ಡಾಕ್ಟರು ಹೊರಗೆ ಬಂದು ಕೈಮುಗಿದು, "ಇವತ್ತು ಮಷೀನಂದs ಫೋಟೋ ತಗಿಯಾಕತ್ತೇವ್ರಿ, ನಾಳೆ ನಿಮ್ಮದು" ಎಂದಾಗ ಗೊಣಗುತ್ತಿದ್ದವರೂ ನಕ್ಕರು. ಆಗ ಅಂಥ ಪರೀಕ್ಷೆಗೆ ಪ್ರಮಾಣಪತ್ರವೂ ಇರಲಿಲ್ಲ, ಮಾನ್ಯತೆ ಎನ್ನುವ ಹೆಸರೂ ಇರಲಿಲ್ಲ. ವರ್ಷಗಳು ಉರುಳಿದಂತೆ ಜನ ತಾವಾಗಿಯೇ ಮರಳಿ ಬಂದರು.

ನಾನು ಬನಹಟ್ಟಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದೆ. ಹಲಗೆಯ ಮೇಲೆ ನಾನು ತಪ್ಪು ಬರೆದರೆ ಕೈಯೆತ್ತಬೇಕು ಎಂದು ಮೊದಲ ದಿನವೇ ಮಕ್ಕಳಿಗೆ ಹೇಳುತ್ತಿದ್ದೆ. ದೊಡ್ಡ ಗುಣವೆಂದು ತಿಳಿಯಬೇಡಿ. ಮಕ್ಕಳು ಅದನ್ನು ಎಷ್ಟು ಉತ್ಸಾಹದಿಂದ ಮಾಡುತ್ತಿದ್ದರೆಂದರೆ ಕೆಲವು ದಿನ ಯಾಕಾದರೂ ಹೇಳಿದೆನೋ ಎನಿಸುತ್ತಿತ್ತು. ಕೇಳಿಸಿಕೊಳ್ಳಲು ಕಿವಿಗಳಾದರೂ ಉಳಿದಿದ್ದವು ಎಂಬುದು ಸಮಾಧಾನ. ಎಡಗಿವಿಯಲ್ಲಿ ಆ ಗುಂಯ್ ಸದ್ದು ಈಗಲೂ ಸಣ್ಣಗೆ ಇದೆ, ಎಲ್ಲ ಕಡೆ ನಿಶ್ಶಬ್ದವಾದಾಗ ಕೇಳುತ್ತದೆ. ಅದು ಅಷ್ಟಕ್ಕೇ ನಿಂತದ್ದು ಯಾರಿಂದ ಎಂಬುದನ್ನೂ ಅದೇ ನೆನಪಿಸುತ್ತದೆ. ವಿನಾಯಕರಾಯರು ತೀರಿಕೊಂಡ ಸುದ್ದಿ ಬಂದ ದಿನ ನಾನು ತರಗತಿಯಲ್ಲಿದ್ದೆ. ಮಕ್ಕಳಿಗೆ ಪಾಠ ಒಪ್ಪಿಸಲು ಹೇಳಿ, ಒಬ್ಬೊಬ್ಬರ ದನಿಯನ್ನೂ ಗಮನವಿಟ್ಟು ಕೇಳುತ್ತ ಕುಳಿತೆ.

"ಅಮ್ಮಾರ, ಬರ್ರಿ, ನಿಮ್ಮ ಪಾಳಿ."

ಬಸವರಾಜ ಕೈಹಿಡಿದು ಎಬ್ಬಿಸಿದ. ಒಳಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕಂಪ್ಯೂಟರಿನ ಮುಂದೆ ಕುಳಿತಿದ್ದರು. ವಯಸ್ಸು ಕೇಳಿದರು, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, "ಹಿಂದ ಎಂದಾದ್ರೂ ಟಿ.ಬಿ. ಆಗಿತ್ತೇನ್ರಿ?" ಎಂದರು.

"ಇಲ್ರಿ" ಎಂದೆ.

ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ನಾನು ಮಾತ್ರ ಆ ಒಂದು ಮಾತಿನ ಹತ್ತಿರವೇ ನಿಂತಿದ್ದೆ. ಎಷ್ಟು ಸಲೀಸಾಗಿ ಬಾಯಿಂದ ಬಂತು! ಇದನ್ನು ಹೀಗೆ ಹೇಳುವ ಭಾಗ್ಯವನ್ನು ಒಬ್ಬರು ರಬಕವಿಯವರೆಗೆ ಬಂದು ನನ್ನ ಕೈಗೆ ಕೊಟ್ಟು ಹೋಗಿದ್ದರು.

"ಬ್ಯಾರೆ ಏನರೆ ಹೇಳೂದೈತೇನ್ರಿ ಅಮ್ಮಾರ?" ಡಾಕ್ಟರು ಈಗ ನನ್ನ ಮುಖ ನೋಡಿದರು.

"ಭಾಳ ಐತ್ರಿ" ಎಂದೆ. "ಮೊದಲ ಫೋಟೋ ತಗೀರಿ. ಆಮ್ಯಾಲ ಕೂತು ಹೇಳತೇನಿ."