ಮಂಚ ಸುತ್ತಿದ ನವಿಲು

ನಮ್ಮ ಮನೆ ಬೈಕುಲ್ಲಾದ ಒಂದು ಚಾಳಿನ ಮೂರನೆಯ ಮಜಲಿನಲ್ಲಿತ್ತು. ಮನೆ ಎಂದರೆ ಒಂದೇ ಖೋಲಿ, ಉದ್ದ ಹನ್ನೆರಡು ಅಡಿ, ಅಗಲ ಹತ್ತು. ಅದರೊಳಗೆ ಅಡುಗೆಯ ಕಟ್ಟೆ, ನೀರಿನ ಡ್ರಮ್ಮು, ದೇವರ ಗೂಡು, ಅಪ್ಪ, ಅವ್ವ, ನಾನು, ಮತ್ತು ಅಜ್ಜಿಯ ಕಬ್ಬಿಣದ ಮಂಚ. ಮಂಚವನ್ನು ಕೊನೆಯಲ್ಲಿ ಹೇಳಿದೆನೇ ಹೊರತು ಆ ಮನೆಯ ಯಜಮಾನಿಕೆ ಅದರದೇ. ಅಜ್ಜಿ ಧಾರವಾಡದಿಂದ ಬಂದಾಗ ಅದೂ ರೈಲಿನಲ್ಲಿ ಜೊತೆಗೇ ಬಂತು. ಬಂದ ಮೇಲೆ ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

ಇಂಥ ಮನೆಯಲ್ಲಿ ನಾನು ನವಿಲಾಗಬೇಕಾಗಿ ಬಂತು.

ಎಪ್ಪತ್ತೊಂದೋ ಎಪ್ಪತ್ತೆರಡೋ ಇರಬೇಕು. ನನಗೆ ಹನ್ನೊಂದು ವರ್ಷ. ಹತ್ತಿರದ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಮಂಗಳೂರು ಕಡೆಯ ಟೀಚರೊಬ್ಬರು ಶನಿವಾರ ನೃತ್ಯ ಕಲಿಸುತ್ತಿದ್ದರು. ಅವ್ವ ಯಾರನ್ನೂ ಕೇಳದೆ ನನ್ನನ್ನು ಅಲ್ಲಿಗೆ ಸೇರಿಸಿದ್ದಳು. ಅಜ್ಜಿಗೆ ಗೊತ್ತಾದ ದಿನ ಅವಳು ಊಟ ಬಿಡಲಿಲ್ಲ, ಆದರೆ ಒಂದು ಮಾತು ಬಿಟ್ಟಳು.

"ನಮ್ಮ ಮನಿತನದಾಗ ಇಲ್ಲೀತನಕ ಯಾರೂ ಕುಣಿದಿಲ್ಲ."

"ಹೌದ್ರಿ ಅತ್ತಿ," ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಕುಣಿಸಿದವರು ಮಾತ್ರ ಬಹಳ ಮಂದಿ ಅದಾರ."

ಆಮೇಲೆ ಎರಡು ದಿನ ಅವರಿಬ್ಬರ ಮಾತು ನನ್ನ ಮೂಲಕ ನಡೆಯಿತು. ಮೂರು ಅಡಿ ದೂರದಲ್ಲಿ ಕೂತವರ ನಡುವೆ ನಾನು ಟಪಾಲು ಹಂಚಿದೆ.

ಅಷ್ಟರಲ್ಲಿ ಬಾಂದ್ರಾದ ಕನ್ನಡ ಮಂದಿ ಮಕ್ಕಳಿಗೊಂದು ನೃತ್ಯ ಸ್ಪರ್ಧೆ ಇಟ್ಟರು. ಹದಿನಾಲ್ಕು ಹುಡುಗಿಯರಲ್ಲಿ ನವಿಲಿನ ನೃತ್ಯಕ್ಕೆ ಟೀಚರು ನನ್ನನ್ನು ಆರಿಸಿದ್ದು ಪ್ರತಿಭೆ ಕಂಡಲ್ಲ, ನನ್ನ ಕುತ್ತಿಗೆ ಉದ್ದ ಇತ್ತು. ಅಪ್ಪ ಮಸಾಲೆ ಸಾಮಾನಿನ ಸಗಟು ಅಂಗಡಿಯಲ್ಲಿ ಗುಮಾಸ್ತ. ಅಲ್ಲಿ ಶೇಟ್‌ಜಿಯ ಮುಂದೆ ದಿನವಿಡೀ ಹೂಂ ಎನ್ನುತ್ತಿದ್ದ ಮನುಷ್ಯ ಮನೆಗೆ ಬಂದು ಪೈಜಾಮ ಹಾಕಿದ ಕೂಡಲೇ ನ್ಯಾಯಾಧೀಶನಾಗುತ್ತಿದ್ದ. ಅವ್ವನನ್ನೂ ಅಜ್ಜಿಯನ್ನೂ ಒಂದೊಂದು ಸಲ ನೋಡಿ ಅವನು ತೀರ್ಪು ಕೊಟ್ಟ.

"ಬಹುಮಾನ ಬಂದ್ರ ಕ್ಲಾಸು ಮುಂದ ನಡೀಲಿ. ಇಲ್ಲಂದ್ರ ಗೆಜ್ಜಿ ಟ್ರಂಕಿನ್ಯಾಗ ಇಟ್ಟಬಿಡೂಣು."

ಇಬ್ಬರಿಗೂ ನ್ಯಾಯ ಸಿಕ್ಕಿತು. ಗೆಲ್ಲುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಕುಣಿಯುವುದು ನನಗೆ ಇಷ್ಟವಿತ್ತು, ಬಹಳ ಇಷ್ಟವಿತ್ತು. ಆ ಕೋಣೆಯಲ್ಲಿ ಟೀಚರು ಮಣೆಯ ಮೇಲೆ ಕೋಲು ಬಡಿಯುವ ಒಂದು ಗಂಟೆ ಬಿಟ್ಟರೆ ವಾರದಲ್ಲಿ ನಾನು ಕೈ ಚಾಚುವ ಜಾಗವೇ ಇರಲಿಲ್ಲ.

ನವಿಲು ವೇದಿಕೆಯನ್ನು ಮೂರು ಸುತ್ತು ಬಂದು, ಆಮೇಲೆ ನಡುವೆ ನಿಂತು ಗರಿ ಬಿಚ್ಚಬೇಕು. ಕ್ಲಾಸಿನಲ್ಲಿ ಹದಿನಾಲ್ಕು ಜನ ನಿಂತಲ್ಲೇ ಕಾಲು ಬಡಿಯುವಷ್ಟೇ ಸ್ಥಳ. ಸುತ್ತುವುದನ್ನು ಮನೆಯಲ್ಲಿ ಕಲಿ ಎಂದರು ಟೀಚರು. ಅವರಿಗೆ ನಮ್ಮ ಮನೆ ಗೊತ್ತಿರಲಿಲ್ಲ. ಖೋಲಿಯ ಹೊರಗಿನ ಉದ್ದ ಗ್ಯಾಲರಿಯಲ್ಲಿ ಕುಣಿಯುತ್ತೇನೆ ಎಂದೆ. ಅಲ್ಲಿ ಎಲ್ಲರ ಬಟ್ಟೆಯೂ ಎಲ್ಲರ ಕಿವಿಯೂ ಒಣಗುತ್ತಿದ್ದವು.

"ಮಂದಿ ಮುಂದ ಗ್ಯಾಲರಿಯಾಗ ಕುಣಿಯಾಕ ನೀ ಏನ್ ತಮಾಷಾ ಮೇಳದಾಕಿ ಏನ?" ಎಂದಳು ಅಜ್ಜಿ.

ಹಾಗಾಗಿ ಒಳಗೇ ಕುಣಿದೆ. ಬಾಗಿಲಿನಿಂದ ಹೊರಟು, ಡ್ರಮ್ಮಿನ ಪಕ್ಕದಲ್ಲಿ ತಿರುಗಿ, ಕಟ್ಟೆಯ ಮುಂದೆ ಹಾದು ಎಡಕ್ಕೆ ಬಂದರೆ ಮಂಚ. ಅದರ ಒಂದು ಮೂಲೆ ಖೋಲಿಯ ನಡುವಿನ ತನಕ ಚಾಚಿತ್ತು. ಅಲ್ಲಿ ನವಿಲು ಬಾಲ ಮಡಚಿ, ಸೊಂಟ ಒಳಗೆಳೆದು, ಅಡ್ಡಡ್ಡ ಎರಡು ಹೆಜ್ಜೆ ಇಟ್ಟು ಪಾರಾಗಬೇಕು. ಬಾಲ ಎಂದರೆ ಅವ್ವನ ಹಳೆಯ ನೀಲಿ ಸೀರೆ, ಕಡ್ಡಿ ಹಾಕಿ ಹೊಲಿದದ್ದು. ಮೊದಲ ದಿನವೇ ಅದು ಎಣ್ಣೆಯ ಡಬ್ಬಿಯನ್ನು ಉರುಳಿಸಿತು. ಅಜ್ಜಿ ಮಂಚದ ಮೇಲೆ ಬೀಸಣಿಗೆ ಹಿಡಿದು ಕೂತಿರುತ್ತಿದ್ದಳು. ಹಿರಿಯರು ಕೂತ ಮಂಚಕ್ಕೆ ಕಾಲು ತಾಗಿಸುವುದು ಅವಳ ಪಟ್ಟಿಯಲ್ಲಿ ಕೊಲೆಯ ನಂತರದ ಪಾಪ. ತಾಗಿದ ಕೂಡಲೇ ಬೀಸಣಿಗೆಯ ಹಿಡಿ ನನ್ನ ಮೊಳಕಾಲಿನ ಕೆಳಗೆ ಟಪ್ ಎನ್ನುತ್ತಿತ್ತು.

"ಮಂಚ ಅಡ್ಡ ಬರತೈತಿ ಅಜ್ಜಿ," ಎಂದು ನಾನು ಅತ್ತೆ.

"ಕುಣಿಯಲಾರದಾಕಿ ನೆಲ ಡೊಂಕ ಅಂದಳಂತ," ಎಂದು ಅವಳು ಗಾಳಿ ಹಾಕಿಕೊಂಡಳು. ಆ ತಿಂಗಳು ಈ ಗಾದೆಯನ್ನು ನಾನು ಎಷ್ಟು ಸಲ ಕೇಳಿದೆನೆಂದರೆ ಅದೂ ನೃತ್ಯದ ತಾಳವೇ ಆಗಿಹೋಯಿತು.

ತಿಂಗಳು ಮುಗಿಯುವ ಹೊತ್ತಿಗೆ ಏಟು ಬೀಳುವುದು ನಿಂತಿತು. ಕಣ್ಣು ಮುಚ್ಚಿದರೂ ಎಡಕ್ಕೆ ಬಂದಾಗ ಸೊಂಟ ತಾನೇ ಒಳಗೆ ಹೋಗುತ್ತಿತ್ತು. "ಈಗ ಹದಕ್ಕ ಬಂತು," ಎಂದು ಅವ್ವ ಹಿಗ್ಗಿದಳು. ಹದಕ್ಕೆ ಬಂದದ್ದು ಏನು ಎಂದು ನಾವು ಯಾರೂ ಯೋಚಿಸಲಿಲ್ಲ.

ಸ್ಪರ್ಧೆಯ ಭಾನುವಾರ ಬೆಳಿಗ್ಗೆ ನನಗೆ ಹೆದರಿಕೆ ಹತ್ತಿದ್ದು ಇಡೀ ಮಜಲಿಗೆ ತಿಳಿಯಿತು. ತಿಳಿಯದಿರಲು ಸಾಧ್ಯವೂ ಇರಲಿಲ್ಲ. ಮಜಲಿಗೆಲ್ಲ ಇದ್ದ ಎರಡು ಸಂಡಾಸಿನ ಮುಂದಿನ ಸಾಲಿನಲ್ಲಿ ನಾನು ನಾಲ್ಕು ಸಲ ನಿಂತಿದ್ದೆ. ನಾಲ್ಕನೆಯ ಸಲ ಜನ ಕೇಳದೆಯೇ ದಾರಿ ಬಿಟ್ಟರು. ಆಮೇಲೆ ಮದ್ದುಗಳು ಶುರುವಾದವು. ಪಕ್ಕದ ಖೋಲಿಯ ಮರಾಠಿ ಮೌಶಿ ಅಂಗೈಗೆ ಮೊಸರು-ಸಕ್ಕರೆ ಹಾಕಿ ತಿನ್ನಿಸಿದಳು. ಅವ್ವ ಶುಂಠಿ ಕಷಾಯ ಕುಡಿಸಿದಳು. ಕುಣಿತವನ್ನು ವಿರೋಧಿಸುತ್ತಿದ್ದ ಅಜ್ಜಿ ಕೂಡ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಅದೂ ಮಂಚದ ಮೇಲೆ ಕೂತೇ. ಟೀಚರು ಹಿಂದಿನ ದಿನವೇ ತಮ್ಮ ಮದ್ದು ಕೊಟ್ಟಿದ್ದರು.

"ಸ್ಟೇಜಿನ ಎದುರು ಗೋಡೆಯಲ್ಲಿ ಗಡಿಯಾರ ಉಂಟು ಮಾರಾಯ್ತಿ, ಅದನ್ನೇ ನೋಡು. ಪಬ್ಲಿಕ್ಕನ್ನು ನೋಡಲೇಬೇಡ."

ಸ್ಪರ್ಧೆಯ ಜಾಗದಲ್ಲಿ ಬಣ್ಣ ಹಚ್ಚುವವರನ್ನು ನಂಬದ ಅವ್ವ ಮನೆಯಲ್ಲೇ ನನ್ನ ಮುಖಕ್ಕೆ ಪೂರ್ತಿ ಬಣ್ಣ ಬಳಿದಳು. ಆ ಮುಖದಲ್ಲೇ ಲೋಕಲ್ ಹತ್ತಿ, ದಾದರಿನಲ್ಲಿ ಬದಲಿಸಿ, ಬಾಂದ್ರಾಕ್ಕೆ ಹೋದೆವು. ಲೇಡೀಸ್ ಡಬ್ಬದಲ್ಲಿ ಎದುರು ಕೂತ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ "ಕಾಯ್ ಗ, ಲಗ್ನ ಆಹೆ ಕಾ?" ಎಂದಳು. ಹನ್ನೊಂದು ವರ್ಷಕ್ಕೇ ಮದುವೆಯೇ ಎಂದು ಡಬ್ಬವೆಲ್ಲ ನಕ್ಕಿತು. ನನಗೆ ಅಲ್ಲೇ ಇಳಿದು ಹಳಿಯ ಗುಂಟ ನಡೆದು ಮನೆಗೆ ಹೋಗಬೇಕು ಎನಿಸಿತು. ಅವ್ವ ನನ್ನ ಕೈಯನ್ನೂ ಬಾಲದ ಚೀಲವನ್ನೂ ಒಟ್ಟಿಗೆ ಬಿಗಿಯಾಗಿ ಹಿಡಿದಿದ್ದಳು. ಅಪ್ಪ ಪಕ್ಕದ ಡಬ್ಬದಲ್ಲಿ ನಮ್ಮ ಪರಿಚಯವೇ ಇಲ್ಲದವನಂತೆ ನಿಂತಿದ್ದ.

ಸಭಾಂಗಣ ದೊಡ್ಡದಿತ್ತು. ವೇದಿಕೆಯ ಮೇಲೆ ನಮ್ಮಂಥ ನಾಲ್ಕು ಖೋಲಿ ಹಿಡಿಸುತ್ತಿದ್ದವು. ನನಗೆ ಕಾಲು ನಡುಗಿತು. ಗೆಜ್ಜೆ ಕಟ್ಟಿಕೊಂಡು ನಡುಗುವುದರ ಕಷ್ಟವೆಂದರೆ ಅದು ಕೊನೆಯ ಸಾಲಿನವರಿಗೂ ಕೇಳುತ್ತದೆ. ಗಡಿಯಾರ ನೋಡಿದೆ. ನಾಲ್ಕೂ ಹತ್ತು. ಹಾಡು ಶುರುವಾಯಿತು. ಒಂದು ಸುತ್ತು ಬಂದು ನೋಡಿದರೆ ಆಗಲೂ ನಾಲ್ಕೂ ಹತ್ತು. ಕೆಟ್ಟು ನಿಂತ ಗಡಿಯಾರವನ್ನು ನಂಬಿ ಧೈರ್ಯ ತಂದುಕೊಳ್ಳುವ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಣ್ಣು ತಾನಾಗಿ ಜನರ ಕಡೆ ಇಳಿಯಿತು. ತಲೆ ಖಾಲಿಯಾಯಿತು.

ತಲೆ ಕೈಬಿಟ್ಟರೂ ಕಾಲು ಬಿಡಲಿಲ್ಲ. ಅದಕ್ಕೆ ದಾರಿ ಗೊತ್ತಿತ್ತು. ಅಷ್ಟು ದೊಡ್ಡ ವೇದಿಕೆಯ ನಟ್ಟನಡುವೆ ನಾನು ಹತ್ತು ಅಡಿ ಹನ್ನೆರಡು ಅಡಿಯೊಳಗೇ ಸುತ್ತಿದೆ. ಎಡಕ್ಕೆ ಬಂದೆ. ಏನೂ ಇಲ್ಲದ ಜಾಗದಲ್ಲಿ ಬಾಲ ಮಡಚಿ, ಸೊಂಟ ಒಳಗೆಳೆದು, ಅಡ್ಡಡ್ಡ ಎರಡು ಹೆಜ್ಜೆ ಇಟ್ಟು ಪಾರಾದೆ. ಮೂರೂ ಸುತ್ತಿನಲ್ಲಿ ಅದನ್ನೇ ಮಾಡಿದೆ. ಮೂರನೆಯ ಸಲ ಸಭೆ ಕಾದುಕೊಂಡಿದ್ದು ನಕ್ಕಿತು.

ತೀರ್ಪುಗಾರರು ಮೂವರು. ಒಬ್ಬರು ಮಲಗಿದ್ದರು, ಒಬ್ಬರು ಆಯೋಜಕರ ಜೊತೆ ಮಾತಾಡುತ್ತಿದ್ದರು. ಮೂರನೆಯವರು ನೋಡಿದ್ದರು, ಅದು ನನ್ನ ದುರದೃಷ್ಟ. ಕೊನೆಗೆ ಮೈಕಿನಲ್ಲಿ "ಒಂದು ನವಿಲು ಪಾಪ, ದಾರಿಯಲ್ಲಿ ಏನನ್ನೋ ಕಂಡು ಹೆದರುತ್ತಿತ್ತು" ಎಂದರು. ಜನ ಮತ್ತೆ ನಕ್ಕರು. ಮೊದಲ ಬಹುಮಾನ ಬಾಂದ್ರಾದ ಹುಡುಗಿಗೆ ಹೋಯಿತು. ಅವಳು ಚೆನ್ನಾಗಿಯೇ ಕುಣಿದಳು, ಸುಳ್ಳು ಹೇಳಬಾರದು. ಅವಳ ಮನೆಯಲ್ಲಿ ಮಂಚಗಳಿಗೆ ಬೇರೆ ಕೋಣೆ ಇತ್ತು.

ನಾನು ಅವಮಾನದಿಂದ ಸತ್ತೇ ಹೋಗಿದ್ದೆ. ಮನೆ ಸೇರಿದ ಮೇಲೆ ಅಜ್ಜಿ ಕೇಳಿದಳು, "ಏನಾತು?"

"ಏನಾಗೋದು?" ಎಂದ ಅಪ್ಪ. "ಸ್ಟೇಜಿನ ಮ್ಯಾಲೂ ನಿನ್ನ ಮಂಚ ಸುತ್ತಿ ಬಂದಳು."

ಅಜ್ಜಿ ಬೀಸಣಿಗೆ ಕೆಳಗಿಟ್ಟು, ಖೋಲಿಯ ನಡುವಿಗೆ ಚಾಚಿದ ಮಂಚದ ಮೂಲೆಯನ್ನು ನೋಡಿದಳು. ಗೆಜ್ಜೆ ಟ್ರಂಕಿಗೆ ಹೋಯಿತು. ಶನಿವಾರ ಬಂತು, ಕ್ಲಾಸಿನ ಹೊತ್ತೂ ಬಂತು. ನಾನು ಅಕ್ಕಿ ಆರಿಸುತ್ತ ಕೂತೆ. ಒಂದೊಂದು ಕಲ್ಲು ಸಿಕ್ಕಾಗಲೂ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು.

ಮರುದಿನ ಭಾನುವಾರ ಅಪ್ಪ ಪೇಪರು ಓದುತ್ತಿದ್ದಾಗ ಅಜ್ಜಿ ಮಂಚದಿಂದ ಇಳಿದು, ದಿಂಬು ಕಂಕುಳಲ್ಲಿ ಇಟ್ಟುಕೊಂಡು ನಿಂತಳು.

"ಏಳು. ಈ ಮಂಚ ಗ್ಯಾಲರಿಗೆ ಹಾಕು."

"ಯಾಕವ್ವಾ?"

"ಹುಡುಗಿ ಕುಣಿಬೇಕು. ನೆಲಾನ ಡೊಂಕಿತ್ತು."

"ಬಹುಮಾನ ಬರಲಿಲ್ಲಲ್ಲ," ಎಂದು ನ್ಯಾಯಾಧೀಶ ತನ್ನ ತೀರ್ಪನ್ನು ನೆನಪಿಸಿದ.

"ಇಲ್ಲದ ಮಂಚಕ್ಕೂ ಕಾಲ ತಾಗಿಸದಂಗ ಕುಣಿದು ಬಂದಾಳ ನನ್ನ ಮೊಮ್ಮಗಳು. ಅದಕ್ಕಿಂತ ಇನ್ನೇನ ಬಹುಮಾನ ಬೇಕೋ ನಿನಗ?"

ಶೇಟ್‌ಜಿಯ ಮುಂದೆ ಹೇಳುವ ಹೂಂ ಅಪ್ಪನ ಬಾಯಿಂದ ಮನೆಯಲ್ಲೂ ಬಂತು. ಮೌಶಿಯ ಗಂಡನನ್ನು ಕರೆದು ಮಂಚವನ್ನು ಹೊರಗೆ ಹಾಕಿದ. ಅಡ್ಡಾಡಲು ದಾರಿಯಿಲ್ಲವೆಂದು ಮಜಲಿನವರು ಬೈದರು. ಅಜ್ಜಿ ಅದರ ಮೇಲೆ ಕೂತು ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು. ಒಳಗೆ ಅವ್ವ ಟ್ರಂಕಿನಿಂದ ಗೆಜ್ಜೆ ತೆಗೆದು ನನ್ನ ಕಾಲಿಗೆ ಕಟ್ಟಿದಳು, ಬಾಲವನ್ನೂ ಸೊಂಟಕ್ಕೆ ಸಿಕ್ಕಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಮಂಚ ಇದ್ದಲ್ಲಿ ನೆಲದ ಮೇಲೆ ನಾಲ್ಕು ತುಕ್ಕಿನ ಕಲೆಗಳಿದ್ದವು.

ಬಾಗಿಲಿನಿಂದ ಹೊರಟೆ. ಡ್ರಮ್ಮಿನ ಪಕ್ಕ ತಿರುಗಿದೆ. ಕಟ್ಟೆ ದಾಟಿ ಎಡಕ್ಕೆ ಬಂದೆ. ಬಾಲ ಮಡಚಿ, ಸೊಂಟ ಒಳಗೆಳೆದು, ಅಡ್ಡಡ್ಡ ಎರಡು ಹೆಜ್ಜೆ ಇಟ್ಟೆ.

ಹೊರಗಿನಿಂದ ಬೀಸಣಿಗೆಯ ಹಿಡಿ ಬಾಗಿಲಿಗೆ ಟಪ್ ಎಂದು ಬಡಿಯಿತು.

"ನೆಟ್ಟಗ ಹೋಗ! ಅಲ್ಲೇನೈತಿ?"

ನೆಟ್ಟಗೆ ಹೋಗುವುದನ್ನು ಕಲಿಯಲು ನನಗೆ ಇನ್ನೊಂದು ತಿಂಗಳು ಹಿಡಿಯಿತು.